ಆವಕ ಜಾವಕ

ಗದಗಿನ ಹಳೇ ಮಾಮಲೇದಾರ ಕಚೇರಿಯ ದಫ್ತರಖಾನೆಯಲ್ಲಿ
ನನಗೊಂದು ಕುರ್ಚಿ, ಒಂದು ಸ್ಕ್ಯಾನರು,
ಪುಟಕ್ಕೆ ಎಪ್ಪತ್ತು ಪೈಸೆ.
ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ
ಮೊದಲು ಉದುರುವುದು ಬೇವಿನೆಲೆಯ ಪುಡಿ,
ಹುಳ ಹತ್ತದಿರಲೆಂದು ಯಾರೋ ಇಟ್ಟದ್ದು.

ಯುನಿವರ್ಸಿಟಿಯವರು ಬಂದು ಹೇಳಿಹೋದರು:
ಮಡಿವಾಳಪ್ಪ ಕಳಸಾಪುರ, ಕವಿ, ನಕಲು ಗುಮಾಸ್ತ,
ಐವತ್ತೊಂದರಿಂದ ಅರವತ್ನಾಲ್ಕು.
ಅವರ ಕೈಬರಹ ಸಿಕ್ಕರ ಬ್ಯಾರೆ ಇಡು, ತಂಗಿ.
ಸಹಿ ಇರೂದಿಲ್ಲ. ಸಹಿ ಎಲ್ಲಾ ಸಾಹೇಬರದು.
ಮತ್ತ ಗುರುತೇನ್ರಿ ಸರ್?
'ಳ' ನೋಡು. ಬಾಲ ಕೆಳಗಿನ ಸಾಲಿಗೆ ಇಳಿದಿರತದ,
ಬಾವಿಗೆ ಬಿಟ್ಟ ಹಗ್ಗದಂಗ.

ಅವರದು ಒಂದೇ ಪುಸ್ತಕ, ಅರವತ್ತು ಪುಟ.
ಬೆಟಗೇರಿಯ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚಾದದ್ದು.
ಅರಳೆ ಗಿರಣಿಯ ಆಳುಗಳ ಬೆವರು ಮೈಯನ್ನು
ನಾಚದೆ ಕೊಂಡಾಡಿತ್ತಂತೆ.
ಖಜಾನೆ ಸಾಹೇಬ ಅದನ್ನು ಮೇಜಿನ ಖಣದಿಂದ ತೆಗೆದು
ರಾತ್ರಿಯೆಲ್ಲ ಓದಿ
ಮುಂಜಾನೆ ಕೆಲಸದಿಂದ ಬಿಡಿಸಿದ.
ಎಂಟನೆಯ ದಿನ, ಅದೇ ಕಂಪೌಂಡು, ಎದುರು ಬಾಗಿಲು,
ಮಾಮಲೇದಾರರು ಕರೆದು ಟಾಕು ಕೊಟ್ಟರು:
ಪದ್ಯ ನನಗ ತಿಳಿಯೂದಿಲ್ಲ, ಅಕ್ಷರ ಚೊಲೋ ಅದಾವ.

ಆಮೇಲೆ ಹದಿಮೂರು ವರ್ಷ
ಸದರಿ, ಉಕ್ತ, ಮಜಕೂರ,
ಸೋರುವ ಚಾವಡಿ, ಕಳುವಾದ ಎತ್ತು, ತಗಾವಿ ಬಾಕಿ, ಬಾಂದದ ತಕರಾರು.
ಸಾವಿರದ ಇನ್ನೂರು ಪುಟ ತಿರುವಿದೆ.
ಒಂದು ಪ್ರಾಸ ಕೂಡ ಇಲ್ಲ.

ಬರೀ ಇದು. ಜಾವಕ ನಂಬರು ನಾನೂರ ಹನ್ನೆರಡು,
ಕಚೇರಿ ಹಿತ್ತಲ ಬೇವಿನಮರದ ಲಿಲಾವು.
ಸುತ್ತಳತೆ, ಅಂದಾಜು ಬೆಲೆ, ಎಲ್ಲ ಎಂದಿನಂತೆ.
ಕೊನೆಗೊಂದು ಸಾಲು:
ಸದರಿ ಮರದಲ್ಲಿ ಗಿಳಿಗಳು ವಾಸವಾಗಿರುತ್ತವೆ.
ಕೆಳಗೆ ಸಾಹೇಬರ ಸಹಿ,
ಓದದೆ ಹಾಕಿದ್ದೋ, ಓದಿಯೇ ಹಾಕಿದ್ದೋ.

ಪ್ರಾಂತ ಆಫೀಸಿನಿಂದ ಆವಕ:
ಗಿಳಿಗಳ ಸಂಖ್ಯೆ ಎಷ್ಟು? ಯಾರ ಪರವಾನಿಗೆಯಿಂದ ವಾಸ?
ಜಾವಕ: ಸಂಖ್ಯೆ ಮುಂಜಾನೆ ಒಂದು, ಸಂಜೆ ಮತ್ತೊಂದು ಆಗುತ್ತಿದೆ.
ಆವಕ: ಸರಾಸರಿ ತಿಳಿಸುವುದು.
ಜಾವಕ: ಮರಿಗಳು ಹೊರಬಂದ ಬಳಿಕ ಎಣಿಸಲು ಅಪ್ಪಣೆಯಾಗಬೇಕು.
ಎರಡು ವರ್ಷ ಏಳು ತಿಂಗಳು ಹೀಗೇ ನಡೆದು
ಕೆಂಪು ಶಾಯಿಯ ಷರಾ: ಫೈಲು ಮುಗಿಸಿ.
ಎದ್ದು ಹೋಗಿ ಕಿಟಕಿಯಿಂದ ನೋಡಿದೆ.
ಹಿತ್ತಲಲ್ಲಿ ಜನರೇಟರಿನ ಶೆಡ್ಡು.
ಬಂದು ಕೂತೆ.

ಸಂಜೆ ಅವರು ಮಿಶನ್ ದವಾಖಾನೆಗೆ ಹೋಗುತ್ತಿದ್ದರಂತೆ,
ಕ್ಷಯದವರ ಪಡಸಾಲೆಗೆ,
ಚೀಲದಲ್ಲಿ ಮೋಸಂಬಿ, ಶಾಯಿ ದೌತಿ, ಕಾರ್ಡಿನ ಕಟ್ಟು.
ಬರೆಯಲು ಬಾರದವರು ಹೇಳುವರು, ಅವರು ಬರೆಯುವರು.
ಆ ಕಾರ್ಡುಗಳಿಗೆ ಜಾವಕ ನಂಬರಿಲ್ಲ.
ಒಂದು ಮಾತ್ರ ಉಳಿದಿದೆ, ನರಗುಂದದಲ್ಲಿ, ದ್ಯಾಮವ್ವನ ಟ್ರಂಕಿನಲ್ಲಿ:

ಅವ್ವಗ ಫಕ್ಕೀರನ ಶರಣು. ಕೆಮ್ಮು ಕಡಿಮಿ ಆಗೇತಿ.
ರಾತ್ರಿ ಕಿಡಕಿ ತೆರದಿಡತಾರ, ಚಿಕ್ಕಿ ಭಾಳ ಕಾಣತಾವ.
ಕರಿ ಎಮ್ಮಿ ಈದರ ನನ್ನ ಪಾಲಿನ ಗಿಣ್ಣ ದ್ಯಾಮಿಗೆ ಕೊಡು.
ನಾ ಬರತೀನಂತ ಹೇಳ.

'ಹೇಳ'ದ ಬಾಲ ಕಾರ್ಡಿನ ಅಂಚು ದಾಟಿದೆ.
ಗಿಣ್ಣ ತಿಂದ ನೆನಪು ದ್ಯಾಮವ್ವನಿಗಿಲ್ಲ.
ಕಾರ್ಡು ಓದಿಸಿದ್ದು ನೆನಪಿದೆ,
ಓದಿದ ಮಾಸ್ತರರು ನಡುವೆ ನಿಂತದ್ದು ನೆನಪಿದೆ.
ಕೆಮ್ಮು ಕಡಿಮೆ ಎಂದವನು ಫಕ್ಕೀರನೋ, ಗುಮಾಸ್ತನೋ,
ನನಗೆ ಕೇಳಲಾಗಲಿಲ್ಲ.

ನನ್ನ ತಖ್ತೆಯಲ್ಲೊಂದು ಕಾಲಮು: ಬರೆದವರು.
ಪತ್ರಕ್ಕೆ ಮಾಮಲೇದಾರರ ಹೆಸರು, ಅದು ನಿಯಮ.
ಕಾರ್ಡಿಗೆ ಫಕ್ಕೀರಪ್ಪ ಎಂದು ಹೊಡೆದು, ಅಳಿಸಿ,
ಖಾಲಿ ಬಿಟ್ಟೆ. ಮಶೀನು ಮುಂದೆ ಹೋಗಗೊಡಲಿಲ್ಲ.

ಧಾರವಾಡಕ್ಕೆ ಫೋನು ಹಚ್ಚಿದೆ.
ಪದ್ಯ ಸಿಕ್ಕವೇನು, ತಂಗಿ?
ಇಲ್ರಿ ಸರ್. ಗಿಳಿ ಸಿಕ್ಕಾವ.
ಆಚೆ ಒಂದಿಷ್ಟು ಹೊತ್ತು ಸುಮ್ಮನಿದ್ದು
ಕೇಳಿದರು: ಎಷ್ಟು?